ಮುಂಗೈಯ ಗಂಟು ಮತ್ತು ಮುರಿದ ವರ್ಣತಂತು

ನನ್ನ ತರಗತಿಯಲ್ಲಿ ಕುಳಿತು ಹೋದವರಿಗೆ ನಾನು ಹೇಳಿದ ಪಾಠಗಳು ನೆನಪಿವೆಯೋ ಇಲ್ಲವೋ ತಿಳಿಯದು. ನನ್ನ ಎಡ ಮುಂಗೈ ಮಾತ್ರ ನೆನಪಿರಲೇಬೇಕು. ತೋಳು ಮಡಿಸಿದ ಅಂಗಿ, ಆ ಕೈಯಲ್ಲಿ ಪಠ್ಯಪುಸ್ತಕ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಹಿಂದಿನ ಬೆಂಚಿನವರು ಇದರ ದೆಸೆಯಿಂದ ನನಗೆ 'ಬುಗುಟು ಮೇಷ್ಟ್ರು' ಎಂದು ನಾಮಕರಣ ಮಾಡಿದ್ದರೆಂಬ ಸಂಗತಿ ನನಗೆ ತಿಳಿದದ್ದು ನಿವೃತ್ತಿಯ ದಿನ, ಬೀಳ್ಕೊಡುಗೆಯ ಸಮಾರಂಭದಲ್ಲಿ, ಅದೂ ಮೈಕಿನ ಮೂಲಕ. ಬೇಸರವಾಗಲಿಲ್ಲ. ನಮ್ಮ ಗಣಿತದ ಮೇಷ್ಟ್ರಿಗೆ ನೀವು ಇಟ್ಟಿದ್ದ ಹೆಸರಿಗೆ ಹೋಲಿಸಿದರೆ ನನ್ನದು ಬಿರುದೇ ಸರಿ.

ಆ ಗಂಟನ್ನು 1979ರಲ್ಲಿ ಒಮ್ಮೆ ವೈದ್ಯರಿಗೆ ತೋರಿಸಿದ್ದೆ. ಅವರು ಎರಡು ಬೆರಳಿನಿಂದ ಅದುಮಿ, ಚರ್ಮದಡಿಯಲ್ಲಿ ಅದು ಜಾರುವುದನ್ನು ನೋಡಿ, "ಕೊಬ್ಬಿನ ಗಂಟು, ಲೈಪೋಮ. ಅದರ ಪಾಡಿಗೆ ಅದಿರಲಿ, ನಿಮ್ಮ ಪಾಡಿಗೆ ನೀವಿರಿ" ಎಂದರು. ಅಂದಿನಿಂದ ನಾವಿಬ್ಬರೂ ಹಾಗೆಯೇ ಇದ್ದೇವೆ.

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಆಕೆಯ ಹೆಸರು ಇಲ್ಲಿ ಬೇಡ. ಬರೆಯಲು ಅನುಮತಿ ಕೊಟ್ಟಿರುವಳು, ಅಷ್ಟು ಸಾಕು. "ಸಾರ್, ನಿಮ್ಮ ಕೈ ಮೇಲಿತ್ತಲ್ಲ, ಅದೇ ಜಾಗದಲ್ಲಿ ನನ್ನ ಮಗನಿಗೂ ಒಂದು ಗಂಟು ಬಂದಿದೆ" ಎಂದಳು. "ಬಂದರೆ ಬರಲಿ ಬಿಡಮ್ಮಾ, ನನ್ನದು ನಲವತ್ತೈದು ವರ್ಷದಿಂದ ಇದೆ" ಎಂದು ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಆ ನಗೆಗಾಗಿ ನಾನು ಇಂದಿಗೂ ನಾಚುತ್ತೇನೆ.

ಹುಡುಗನಿಗೆ ಇಪ್ಪತ್ಮೂರು ವರ್ಷ. ಬಟಾಣಿಯಷ್ಟಿದ್ದ ಗಂಟು ಮೂರೇ ವಾರದಲ್ಲಿ ನೆಲ್ಲಿಕಾಯಿಯಷ್ಟಾಗಿ, ಮುಟ್ಟಿದರೆ ನೋಯುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದ್ದರು. ವರದಿಯಲ್ಲಿ "ಸಾರ್ಕೋಮ ಇರುವ ಸಂಭವವಿದೆ" ಎಂದಿತ್ತು. ಸಾರ್ಕೋಮ ಎಂದರೆ ಮೃದು ಅಂಗಾಂಶಗಳ, ಅಂದರೆ ಕೊಬ್ಬು, ಸ್ನಾಯು, ನಾರು, ರಕ್ತನಾಳ ಮುಂತಾದವುಗಳ ಕ್ಯಾನ್ಸರ್. ಗಂಟಿನ ಸುತ್ತಲ ಸ್ನಾಯುವನ್ನೂ ಅಗಲವಾಗಿ ಕತ್ತರಿಸಬೇಕಾಗುತ್ತದೆ, ಬೆರಳುಗಳು ಮೊದಲಿನಂತೆ ಆಡುವ ಭರವಸೆ ಕೊಡಲಾಗದು ಎಂದು ತಿಳಿಸಿ, ಮುಂದಿನ ವಾರಕ್ಕೆ ದಿನವನ್ನೂ ಗೊತ್ತುಮಾಡಿದ್ದರು.

ನಾನು ವೈದ್ಯನಲ್ಲ, ಜೀವಶಾಸ್ತ್ರ ಹೇಳಿಕೊಟ್ಟ ಹೈಸ್ಕೂಲು ಮೇಷ್ಟ್ರು. ನನಗೆ ತೋಚಿದ್ದು ಒಂದೇ: ಆ ಗಾಜಿನ ಸ್ಲೈಡುಗಳನ್ನು ಇನ್ನೊಬ್ಬ ತಜ್ಞರಿಗೆ ತೋರಿಸಿರಿ ಎಂದೆ. ವೈದ್ಯನಾಗಿರುವ ನಮ್ಮದೇ ಶಾಲೆಯ ಇನ್ನೊಬ್ಬ ಹುಡುಗನ ಮೂಲಕ ಅದಕ್ಕೆ ವ್ಯವಸ್ಥೆಯೂ ಆಯಿತು. ಸಾರ್ಕೋಮಗಳನ್ನೇ ನೋಡುವ ಆ ರೋಗಶಾಸ್ತ್ರಜ್ಞೆ ಸ್ಲೈಡು ನೋಡಿ, "ಇನ್ನೊಂದು ಪರೀಕ್ಷೆ ಆಗಲಿ, ಅಲ್ಲಿಯವರೆಗೆ ಕತ್ತರಿ ಮುಟ್ಟಬೇಡಿ" ಎಂದರಂತೆ. ಅವರು ಕೇಳಿದ್ದು ವರ್ಣತಂತುವಿನ ಪರೀಕ್ಷೆ. ವರದಿ ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ತಾಯಿ ಹೇಗಿದ್ದಳೋ ಕಾಣೆ. ನಾನಂತೂ ಪುಸ್ತಕ ಹಿಡಿದು ಕುಳಿತೆ. ಆಗ ಓದಿದ್ದನ್ನೇ ಒಂದು ಚರಿತ್ರೆಯಾಗಿ ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು. ನಲವತ್ತು ನಿಮಿಷದ ಪೀರಿಯಡ್ಡನ್ನು ಐವತ್ತು ಮಾಡುವುದು ನನ್ನ ಹಳೆಯ ಚಾಳಿ ಎಂಬುದು ನಿಮಗೆ ಗೊತ್ತೇ ಇದೆ.

ಈ ಕಥೆ 1955ರಲ್ಲಿ ಎರಡು ಕಡೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ಆರಂಭವಾಗುತ್ತದೆ.

ಮೊದಲನೆಯದು ಅಮೆರಿಕದಲ್ಲಿ. ಕಾನ್‌ವಾಲರ್, ಲೂಯಿಸಾ ಕೀಸ್ಬಿ, ಕಪ್ಲಾನ್ ಎಂಬ ಮೂವರು ರೋಗಶಾಸ್ತ್ರಜ್ಞರು ಆ ವರ್ಷ ಎಂಟು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಂಟು ಜನರಿಗೂ ಚರ್ಮದಡಿ ಬೇಗಬೇಗ ಬೆಳೆದ ಗಂಟು. ಸೂಕ್ಷ್ಮದರ್ಶಕದಡಿ ನೋಡಿದರೆ ಕದಿರಿನಾಕಾರದ ಜೀವಕೋಶಗಳು ಅಡ್ಡಾದಿಡ್ಡಿಯಾಗಿ ಹರಡಿ, ಎಲ್ಲೆಂದರಲ್ಲಿ ವಿಭಜನೆಯಾಗುತ್ತಿದ್ದವು. ವಿಭಜನೆ ಹೆಚ್ಚಿದ್ದರೆ ಕ್ಯಾನ್ಸರ್ ಎಂದು ಬಗೆಯುವುದು ಅಂದಿನ ರೂಢಿ. ಇಂಥ ಗಂಟುಗಳಿಗೆ ಸಾರ್ಕೋಮ ಎಂದೇ ಹಣೆಪಟ್ಟಿ ಬೀಳುತ್ತಿತ್ತು. ಆದರೆ ಇವು ಮರುಕಳಿಸಲಿಲ್ಲ, ಬೇರೆಡೆಗೆ ಹರಡಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಸಾರ್ಕೋಮದ ವೇಷ ತೊಟ್ಟ, ಆದರೆ ಸಾರ್ಕೋಮವಲ್ಲದ ಗಂಟು ಎಂಬ ಅರ್ಥದ ಉದ್ದನೆಯ ಹೆಸರನ್ನು ಆ ಮೂವರು ಇದಕ್ಕೆ ಕೊಟ್ಟರು. ಮುಂದೆ ಅದು ನೋಡ್ಯುಲರ್ ಫ್ಯಾಸಿಯೈಟಿಸ್ ಎಂದಾಯಿತು. ನಮ್ಮ ಬಯಲಾಟಗಳಲ್ಲಿ ರಕ್ಕಸನ ಮುಖವರ್ಣಿಕೆ ಬಳಿದುಕೊಂಡು ಅಬ್ಬರಿಸುವವನು ಬೆಳಗಾದರೆ ಊರಿನ ಸಾಧು ಒಕ್ಕಲಿಗನಾಗಿರುತ್ತಾನಲ್ಲ, ಹಾಗೆ.

ಇಷ್ಟು ಬೇಗ ಬೆಳೆದು, ಬಳಿಕ ತಾನಾಗಿಯೇ ಕುಗ್ಗುವ ವಸ್ತು ನಿಜವಾದ ಗಡ್ಡೆಯಾಗಿರಲಾರದು. ಯಾವುದೋ ಪೆಟ್ಟಿಗೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಿರಬೇಕು ಎಂದು ಬಹುಮಂದಿ ವೈದ್ಯರು ತೀರ್ಮಾನಿಸಿದರು. ರೋಗಿಗಳಲ್ಲಿ ಬಹುಪಾಲು ಜನರಿಗೆ ಪೆಟ್ಟು ಬಿದ್ದ ನೆನಪೇ ಇರಲಿಲ್ಲ ಎಂಬುದು ಬೇರೆ ಮಾತು. ಆ ತೀರ್ಮಾನ ಅರ್ಧ ಶತಮಾನಕ್ಕೂ ಮಿಕ್ಕಿ ಪಠ್ಯಪುಸ್ತಕಗಳಲ್ಲಿ ಉಳಿಯಿತು.

ಎರಡನೆಯ ಘಟನೆ ಸ್ವೀಡನ್ನಿನ ಲುಂಡ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಮನುಷ್ಯನ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದು ಟೆಕ್ಸಾಸಿನ ಥಿಯೋಫಿಲಸ್ ಪೇಂಟರ್ 1923ರಲ್ಲಿ ಹೇಳಿದ್ದರು; ಮೂವತ್ತು ವರ್ಷ ಎಲ್ಲರೂ ಅದನ್ನೇ ಒಪ್ಪಿದ್ದರು. ಜಾವಾ ದ್ವೀಪದಲ್ಲಿ ಹುಟ್ಟಿ, ಮಹಾಯುದ್ಧದಲ್ಲಿ ಜಪಾನೀಯರ ಸೆರೆ ಕಂಡು, ಯೂರೋಪಿಗೆ ಬಂದ ಜೋ ಹಿನ್ ಚಿಯೊ ಎಂಬಾತ ಲುಂಡಿನಲ್ಲಿ ಆಲ್ಬರ್ಟ್ ಲೆವಾನರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. 1955ರ ಡಿಸೆಂಬರ್ 22ರ ನಡುರಾತ್ರಿ ಕಳೆದ ಮೇಲೆ ಅವರು ಕೋಶಗಳನ್ನು ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ಗಾಜಿನ ಮೇಲೆ ಅದುಮಿ ಹರಡಿ ಎಣಿಸಿದರು. 46. ಮತ್ತೆ ಎಣಿಸಿದರು, 46. ಆ ಫಲಿತಾಂಶ 1956ರಲ್ಲಿ ಪ್ರಕಟವಾಯಿತು. ನನ್ನ ಸೋದರಮಾವನ ಬಳಿಯಿದ್ದ ಹಳೆಯ ಜೀವಶಾಸ್ತ್ರದ ಪುಸ್ತಕದಲ್ಲಿ 48 ಎಂದೇ ಅಚ್ಚಾಗಿತ್ತು. ಅದನ್ನು ನಂಬಿ ತರಗತಿಯಲ್ಲಿ ಉತ್ತರ ಹೇಳಿ ನಾನು ಬೆಂಚಿನ ಮೇಲೆ ನಿಂತದ್ದುಂಟು.

ಸರಿಯಾಗಿ ಎಣಿಸಲು ಬಂದ ಮೇಲೆ ತಪ್ಪನ್ನು ಗುರುತಿಸುವುದೂ ಸಾಧ್ಯವಾಯಿತು. ಜರ್ಮನಿಯ ಥಿಯೋಡರ್ ಬೊವೇರಿ ಕಡಲಚಿಳ್ಳೆಯ ಮೊಟ್ಟೆಗಳಲ್ಲಿ ವರ್ಣತಂತುಗಳ ಹಂಚಿಕೆ ಕೆಟ್ಟರೆ ಏನಾಗುವುದೆಂದು ನೋಡಿ, ಕ್ಯಾನ್ಸರಿನ ಬೇರು ಇಲ್ಲಿಯೇ ಇರಬೇಕೆಂದು 1914ರಲ್ಲಿಯೇ ಒಂದು ಪುಸ್ತಕ ಬರೆದಿದ್ದರು. ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ದೊರೆತದ್ದು 1960ರಲ್ಲಿ. ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತಕ್ಯಾನ್ಸರಿನ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವನ್ನು ಕಂಡರು. ಕಳೆದುಹೋದ ತುಂಡು ಎಲ್ಲಿಗೆ ಹೋಯಿತೆಂದು ತೋರಿಸಿದವರು ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳ ಈ ತಾಯಿ ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಹರಡಿಕೊಂಡು, 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಪ್ರಕಟಿಸಿದರು.

ಹೀಗಾಗಿ ವರ್ಣತಂತು ಮುರಿದು ತಪ್ಪಾಗಿ ಕೂಡಿಕೊಂಡಿದೆ ಎಂದರೆ ಅದು ಕ್ಯಾನ್ಸರಿನ ಗುರುತು ಎಂಬ ಭಾವನೆ ಬಲಿಯಿತು. ನಾನೂ ಹಾಗೆಯೇ ಪಾಠ ಹೇಳಿದ್ದೇನೆ. ಈಗ ಅದನ್ನು ತಿದ್ದಬೇಕಾಗಿದೆ.

ತಿದ್ದುಪಡಿ ಬಂದದ್ದು ಮತ್ತೆ ಲುಂಡಿನಿಂದಲೇ. ಅಲ್ಲಿ ಫೆಲಿಕ್ಸ್ ಮಿಟೆಲ್‌ಮನ್ ಎಂಬ ವಿಜ್ಞಾನಿ ಗಡ್ಡೆಗಳಲ್ಲಿ ಕಾಣುವ ವರ್ಣತಂತುಗಳ ಏರುಪೇರುಗಳನ್ನು ಜಗತ್ತಿನ ಎಲ್ಲೆಡೆಯ ವರದಿಗಳಿಂದ ಆಯ್ದು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ 1983ರಲ್ಲಿ ಪುಸ್ತಕವಾಗಿ ಬಂತು. ಅವರ ಜೊತೆಗಾರರಾದ ಸ್ವೆರೆ ಹೈಮ್, ನಿಲ್ಸ್ ಮಂಡಾಲ್ ಮುಂತಾದವರು ಯಾರಿಗೂ ಬೇಡವಾದ ವಸ್ತುವೊಂದನ್ನು ಕೈಗೆತ್ತಿಕೊಂಡರು. ಅದು ಕೊಬ್ಬಿನ ಗಂಟು, ನನ್ನ ಮುಂಗೈಯಲ್ಲಿರುವಂಥದ್ದೇ. ಹಾನಿಯಿಲ್ಲದ ಗಂಟಿನ ಕೋಶಗಳು ನಿಧಾನವಾಗಿ ವಿಭಜಿಸುತ್ತವೆ. ವಿಭಜನೆಯ ಹೊತ್ತಿನಲ್ಲಲ್ಲದೆ ವರ್ಣತಂತುಗಳು ಕಣ್ಣಿಗೆ ಬೀಳುವುದಿಲ್ಲ. ಗಂಟನ್ನು ಕಿಣ್ವದಿಂದ ಬಿಡಿಬಿಡಿಯಾಗಿಸಿ, ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಕಾಯಬೇಕು. 1986ರಲ್ಲಿ ಲುಂಡಿನ ಗುಂಪೂ, ಅಮೆರಿಕದ ಬಫಲೋದಲ್ಲಿ ಆವರಿ ಸ್ಯಾಂಡ್‌ಬರ್ಗರ ಜೊತೆಗಿದ್ದ ಟುರ್ಕ್-ಕರೆಲ್ ಮುಂತಾದವರೂ ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ವರದಿ ಮಾಡಿದರು: ಲೈಪೋಮದ ಕೋಶಗಳಲ್ಲಿ 3ನೆಯ ಮತ್ತು 12ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ರಕ್ತಕ್ಯಾನ್ಸರಿನಲ್ಲಿ ನಡೆದಂಥದ್ದೇ ಅಪಘಾತ. ಆದರೆ ಇಲ್ಲಿ ಸಾವಿಲ್ಲ, ಹರಡುವಿಕೆಯಿಲ್ಲ. ಒಂದು ನಿಂಬೆಹಣ್ಣಿನ ಗಾತ್ರದ, ಬೆಣ್ಣೆಯಂಥ ಗಂಟು ಮಾತ್ರ.

ಹಾಗಾದರೆ ಮುರಿಯಿತೇ ಎಂದು ಕೇಳಿದರಷ್ಟೇ ಸಾಲದು. ಎಲ್ಲಿ ಮುರಿಯಿತು, ಯಾವುದು ಯಾವುದಕ್ಕೆ ಅಂಟಿತು ಎಂದೂ ಕೇಳಬೇಕು. 12ನೆಯ ವರ್ಣತಂತುವಿನ ಆ ಜಾಗದಲ್ಲಿದ್ದ ವಂಶವಾಹಿಯನ್ನು 1995ರಲ್ಲಿ ನ್ಯೂಜೆರ್ಸಿಯ ಕಿರಣ್ ಚಡಾ ಅವರ ತಂಡ ಮತ್ತು ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ತಂಡ ಗುರುತಿಸಿದವು. ಇಂದು ಅದರ ಹೆಸರು ಎಚ್‌ಎಂಜಿಎ2. ಅದೇ ವರ್ಷ ಚಡಾ ಅವರ ತಂಡ ಇನ್ನೊಂದು ಒಗಟನ್ನೂ ಬಿಡಿಸಿತು. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಸಾಕಿಕೊಂಡು ಬಂದಿದ್ದ 'ಪಿಗ್ಮಿ' ಎಂಬ ಕುಳ್ಳ ಇಲಿಗಳ ತಳಿಯೊಂದಿತ್ತು. ತೂಕ ಸಾಮಾನ್ಯ ಇಲಿಯ ಅರ್ಧಕ್ಕಿಂತ ಕಡಿಮೆ, ಮೈಯಲ್ಲಿ ಕೊಬ್ಬೂ ಬಹಳ ಕಡಿಮೆ. ಅವುಗಳಲ್ಲಿ ಕೆಟ್ಟಿದ್ದದ್ದು ಇದೇ ವಂಶವಾಹಿ! ಇಲ್ಲದಿದ್ದರೆ ಕುಳ್ಳು ಮತ್ತು ಬಡಕಲು. ಅಗತ್ಯವಿಲ್ಲದ ವಯಸ್ಸಿನಲ್ಲಿ ಚುರುಕಾದರೆ ಕೊಬ್ಬಿನ ಗಂಟು.

ಇದರ ಕೆಲಸ ಭ್ರೂಣದ ಬೆಳವಣಿಗೆಯ ಕಾಲದಲ್ಲಿ. ಇದರಿಂದ ತಯಾರಾಗುವ ಪ್ರೋಟೀನಿಗೆ ಮೂರು ಕೊಕ್ಕೆಗಳಿದ್ದು, ಅವುಗಳಿಂದ ಡಿಎನ್‌ಎ ಎಳೆಯನ್ನು ಹಿಡಿದು ಬಾಗಿಸಿ, ಇತರ ವಂಶವಾಹಿಗಳ ಕೆಲಸಕ್ಕೆ ಅನುವು ಮಾಡಿಕೊಡುತ್ತದೆ. ಮಗು ಹುಟ್ಟಿ ಬೆಳೆದ ಮೇಲೆ ಇದು ಬಹುಮಟ್ಟಿಗೆ ಮೌನವಾಗುತ್ತದೆ. ಮೌನವಾಗಿಸುವ ಏರ್ಪಾಡುಗಳಲ್ಲಿ ಒಂದು ಲೆಟ್-7 ಎಂಬ ಪುಟ್ಟ ಆರ್‌ಎನ್‌ಎ. ಎಚ್‌ಎಂಜಿಎ2 ಸಂದೇಶದ ಬಾಲದಲ್ಲಿ ಅದು ಕಚ್ಚಿ ಹಿಡಿಯಲು ಏಳು ಜಾಗಗಳಿವೆ. ವರ್ಣತಂತು ಮುರಿದಾಗ ಆ ಬಾಲವೇ ಕತ್ತರಿಸಿಹೋಗುತ್ತದೆ. ಮೂಗುದಾರ ಕಿತ್ತ ಎತ್ತಿನಂತೆ ವಂಶವಾಹಿ ಮತ್ತೆ ಓಡತೊಡಗುತ್ತದೆ. ಇದನ್ನು 2007ರಲ್ಲಿ ಅಮೆರಿಕದ ಕ್ರಿಸ್ಟೀನ್ ಮಯರ್, ಡೇವಿಡ್ ಬಾರ್ಟೆಲ್ ಮತ್ತಿತರರು ತೋರಿಸಿಕೊಟ್ಟರು. ಇಂಥ ಪುಟ್ಟ ಆರ್‌ಎನ್‌ಎಗಳನ್ನು ಮೊದಲಿಗೆ ಕಂಡುಹಿಡಿದ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ.

2005ರ ಒಂದು ವರದಿಯನ್ನು ಓದಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಎಂಟು ವರ್ಷದ ಒಬ್ಬ ಹುಡುಗ. ಅವನ ಮೈಯ ಎಲ್ಲ ಕೋಶಗಳಲ್ಲಿಯೂ, ಹುಟ್ಟಿನಿಂದಲೇ, 12ನೆಯ ವರ್ಣತಂತುವಿನ ಒಂದು ಭಾಗ ತಲೆಕೆಳಗಾಗಿ ಕೂಡಿಕೊಂಡು ಇದೇ ವಂಶವಾಹಿಯನ್ನು ತುಂಡರಿಸಿತ್ತು. ಮಗು ವಯಸ್ಸಿಗೆ ಮೀರಿ ಬೆಳೆದಿತ್ತು, ಮೂಳೆ ಹಲ್ಲುಗಳಿಗೂ ವಯಸ್ಸಿಗೆ ಮೀರಿದ ಬಲಿತ, ಮೈಯಲ್ಲಿ ಹಲವು ಕೊಬ್ಬಿನ ಗಂಟುಗಳು. ನನ್ನ ಮುಂಗೈಯ ಒಂದು ಮೂಲೆಯಲ್ಲಿ ನಡೆದದ್ದು ಆ ಹುಡುಗನ ಇಡೀ ದೇಹದಲ್ಲಿ ನಡೆದಿತ್ತು. ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಡಾರ್ವಿನ್ ಪಾಠದಲ್ಲಿ ನೀವು ಚಿತ್ರ ಬರೆದ ಗಲಾಪಗೋಸಿನ ಫಿಂಚ್ ಹಕ್ಕಿಗಳ ಕೊಕ್ಕಿನ ಗಾತ್ರಕ್ಕೂ ಇದೇ ವಂಶವಾಹಿಯ ಭಾಗಕ್ಕೂ ನಂಟಿದೆ ಎಂದು 2016ರಲ್ಲಿ ಗೊತ್ತಾಯಿತು. 2004-05ರ ಬರದಲ್ಲಿ ಸಣ್ಣ ಕೊಕ್ಕಿನವು ಉಳಿದದ್ದರಲ್ಲಿ ಇದರ ಪಾತ್ರ ದೊಡ್ಡದು.

ಲೈಪೋಮ ಅಪರೂಪದ್ದೇನಲ್ಲ, ನಿಮ್ಮಲ್ಲಿಯೂ ಹಲವರಿಗೆ ಇರಬಹುದು. ಆದರೆ ಅದು ಬಾಗಿಲು ತೆರೆದ ಮೇಲೆ ಅಪರೂಪದ ಗಂಟುಗಳ ಸರದಿ ಬಂತು. ಎಳೆಯ ಮಕ್ಕಳಲ್ಲಿ ಬೇಗ ಬೆಳೆದು ಹೆತ್ತವರ ನಿದ್ದೆಗೆಡಿಸುವ ಲೈಪೋಬ್ಲಾಸ್ಟೋಮದಲ್ಲಿ 8ನೆಯ ವರ್ಣತಂತುವಿನ ಪ್ಲಾಗ್1 ಎಂಬ ವಂಶವಾಹಿ ಮರುಜೋಡಣೆಯಾಗಿರುವುದು 2000ದಲ್ಲಿ ತಿಳಿಯಿತು. ದನಗಳ ಎತ್ತರವನ್ನು ನಿರ್ಧರಿಸುವುದರಲ್ಲಿಯೂ ಅದರ ಪಾಲಿದೆ. ಹೈಬರ್ನೋಮ ಎಂಬುದೊಂದಿದೆ. ಚಳಿಗಾಲವೆಲ್ಲ ಮಲಗುವ ಪ್ರಾಣಿಗಳ ಕಂದುಕೊಬ್ಬನ್ನು ಹೋಲುವುದರಿಂದ 1914ರಲ್ಲಿ ಬಂದ ಹೆಸರು ಅದು. ಅದರಲ್ಲಿ ಏರುಪೇರಾಗುವುದು 11ನೆಯ ವರ್ಣತಂತು.

ಇವೆಲ್ಲಕ್ಕಿಂತ ನನಗೆ ವಿಚಿತ್ರವೆನಿಸಿದ್ದು ಕೀಲುಗಳ ಒಳಪೊರೆಯಲ್ಲಿ ಹುಟ್ಟುವ ಒಂದು ಗಡ್ಡೆ. ಹೆಚ್ಚಾಗಿ ಮಂಡಿಯಲ್ಲಿ ಮತ್ತು ಬೆರಳುಗಳಲ್ಲಿ ಬರುತ್ತದೆ. ಟೆನೋಸೈನೋವಿಯಲ್ ಜೈಂಟ್ ಸೆಲ್ ಟ್ಯೂಮರ್ ಎಂದು ಹೆಸರು. ಕೊಲ್ಲುವುದಿಲ್ಲ, ಆದರೆ ಮಂಡಿಯಲ್ಲಿ ಹರಡಿಕೊಂಡು ಬೆಳೆದರೆ ಕೀಲನ್ನು ಸವೆಸಿ ಹಾಕುತ್ತದೆ. 1941ರಲ್ಲಿ ನ್ಯೂಯಾರ್ಕಿನ ಹೆನ್ರಿ ಜಾಫೆ ಮತ್ತು ಸಂಗಡಿಗರು ಇದನ್ನು ವಿವರವಾಗಿ ಬಣ್ಣಿಸಿ, ಇದು ಗಡ್ಡೆಯಲ್ಲ, ಉರಿಯೂತ ಎಂದರು. ಅವರು ಹಾಗೆ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅದರ ತುಂಬ ಇರುವುದು ಉರಿಯೂತದಲ್ಲಿ ಕಾಣುವ ಭಕ್ಷಕ ಕೋಶಗಳೇ. 2006ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಗುಟ್ಟನ್ನು ಹೊರಗೆಡವಿದರು. ಆ ಗಡ್ಡೆಯಲ್ಲಿ ವರ್ಣತಂತು ಮುರಿದಿರುವ ಕೋಶಗಳು ನೂರಕ್ಕೆ 2ರಿಂದ 16 ಮಾತ್ರ. ಅವುಗಳಲ್ಲಿ 1ನೆಯ ವರ್ಣತಂತುವಿನ ಸಿಎಸ್‌ಎಫ್1 ಎಂಬ ವಂಶವಾಹಿ 2ನೆಯ ವರ್ಣತಂತುವಿನ ವಂಶವಾಹಿಯೊಂದಕ್ಕೆ ಅಂಟಿಕೊಂಡು, ಭಕ್ಷಕ ಕೋಶಗಳನ್ನು ಕರೆಯುವ ಪ್ರೋಟೀನನ್ನು ಹೇರಳವಾಗಿ ಸುರಿಸುತ್ತದೆ. ಡಂಗುರ ಸಾರುವವರು ಹತ್ತು ಮಂದಿ, ನೆರೆಯುವವರು ಸಾವಿರ ಮಂದಿ. ಜಾತ್ರೆಯಲ್ಲಿ ಜನಸಂದಣಿಯನ್ನಷ್ಟೇ ನೋಡಿದವರು ಡಂಗುರದವರನ್ನು ಕಾಣದೆ ಹೋದರು, ಅಷ್ಟೇ. ಕರೆ ಕೇಳಿಸದಂತೆ ಮಾಡಿದರೆ ಜನ ಚದುರುತ್ತಾರಲ್ಲವೆ? ಅದೇ ತರ್ಕದ ಮೇಲೆ ತಯಾರಾದ ಪೆಕ್ಸಿಡಾರ್ಟಿನಿಬ್ ಎಂಬ ಗುಳಿಗೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಯಕೃತ್ತಿಗೆ ಅಪಾಯವಿದೆಯೆಂಬ ಕಟ್ಟೆಚ್ಚರದೊಡನೆ. 2025ರಲ್ಲಿ ವಿಮ್ಸೆಲ್ಟಿನಿಬ್ ಎಂಬ ಇನ್ನೊಂದೂ ಬಂತು.

ಈಗ 1955ರ ಆ ವೇಷಧಾರಿಗೆ ಮರಳೋಣ. ಅವನ ಬಣ್ಣ ಕಳಚಿದ ದಾರಿ ನೇರವಾಗಿರಲಿಲ್ಲ. ಅದು ಮೂಳೆಯ ಮೂಲಕ ಹಾದು ಬಂತು. ಮೂಳೆಯಲ್ಲಿ ರಕ್ತ ತುಂಬಿದ ಗೂಡುಗಳಂತೆ ಉಬ್ಬುವ, ಹೆಚ್ಚಾಗಿ ಹದಿಹರೆಯದವರಿಗೆ ಬರುವ ಒಂದು ಗಡ್ಡೆಯಿದೆ. ಅದರಲ್ಲಿ 16 ಮತ್ತು 17ನೆಯ ವರ್ಣತಂತುಗಳ ಅದಲುಬದಲು 1999ರಲ್ಲಿ ಕಂಡುಬಂತು. 17ನೆಯದರಲ್ಲಿ ಸಿಕ್ಕಿಬಿದ್ದದ್ದು ಯುಎಸ್‌ಪಿ6 ಎಂಬ ವಂಶವಾಹಿ ಎಂದು ಆಂದ್ರೆ ಒಲಿವೇರಾ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಈ ಯುಎಸ್‌ಪಿ6ರ ಹುಟ್ಟೇ ಒಂದು ಸೋಜಿಗ. ಇಲಿಯಲ್ಲಿ ಇದಿಲ್ಲ, ಕೋತಿಯಲ್ಲಿಯೂ ಇಲ್ಲ. ಮನುಷ್ಯ ಮತ್ತು ಅವನ ಹತ್ತಿರದ ಬಂಧುಗಳಾದ ಬಾಲವಿಲ್ಲದ ವಾನರರಲ್ಲಿ ಮಾತ್ರ ಇದೆ ಎಂದು 2003ರಲ್ಲಿ ಪ್ರಕಟವಾಗಿತ್ತು. ಲಕ್ಷಾಂತರ ತಲೆಮಾರುಗಳ ಹಿಂದೆ ಎರಡು ಹಳೆಯ ವಂಶವಾಹಿಗಳು ಬೆಸೆದು ಇದಾಯಿತು. ಅಂದರೆ, ಯಾವ ಬಗೆಯ ಮುರಿದು ಕೂಡುವಿಕೆ ಇಂದು ಗಂಟಾಗುತ್ತದೆಯೋ ಅದೇ ಬಗೆಯ ಮುರಿದು ಕೂಡುವಿಕೆಯಿಂದಲೇ ಈ ವಂಶವಾಹಿ ಹುಟ್ಟಿದೆ.

ಅಮೆರಿಕದ ಮಿನೆಸೋಟ ರಾಜ್ಯದ ಮೇಯೋ ಕ್ಲಿನಿಕ್ಕಿನಲ್ಲಿ ಒಲಿವೇರಾ ಅವರ ತಂಡವೇ ನೋಡ್ಯುಲರ್ ಫ್ಯಾಸಿಯೈಟಿಸಿನ ಗಂಟುಗಳಲ್ಲಿಯೂ ಇದನ್ನೇ ಹುಡುಕಿ ನೋಡಿತು. 2011ರಲ್ಲಿ ಪ್ರಕಟವಾದ ಫಲಿತಾಂಶ: 48 ಗಂಟುಗಳಲ್ಲಿ 44ರಲ್ಲಿ ಯುಎಸ್‌ಪಿ6 ತನ್ನ ಜಾಗದಲ್ಲಿ ಮುರಿದಿತ್ತು. ಅದು ಹೆಚ್ಚಾಗಿ ಹೋಗಿ ಸೇರಿದ್ದು 22ನೆಯ ವರ್ಣತಂತುವಿನ ಎಂವೈಎಚ್9 ಎಂಬ ವಂಶವಾಹಿಯ ಪಕ್ಕಕ್ಕೆ. ಹಳ್ಳಿಯಿಂದ ಬಂದವರಿಗೆ ಇದನ್ನು ಹೀಗೆ ಹೇಳಬಹುದು. ಯುಎಸ್‌ಪಿ6 ನಮ್ಮ ಮೈಯ ಬಹುತೇಕ ಕಡೆಗಳಲ್ಲಿ ಕರೆಂಟಿಲ್ಲದೆ ನಿಂತ ಪಂಪ್‌ಸೆಟ್ಟು. ಎಂವೈಎಚ್9 ಹಗಲಿರುಳೂ ಕೆಲಸದಲ್ಲಿರುವುದರಿಂದ ಅದರ ತಂತಿಯಲ್ಲಿ ಸದಾ ವಿದ್ಯುತ್ತಿದೆ. ಮುರಿದು ಕೂಡುವ ಗಡಿಬಿಡಿಯಲ್ಲಿ ಆ ನಿರಂತರ ಲೈನು ಈ ಪಂಪ್‌ಸೆಟ್ಟಿಗೆ ಸಿಕ್ಕಿಬಿಟ್ಟಿತು. ನೀರು ಉಕ್ಕದೆ ಇರುತ್ತದೆಯೆ?

ಹಾಗಾಗಿ ಇದು ಪೆಟ್ಟಿಗೆ ದೇಹ ತೋರಿದ ಪ್ರತಿಕ್ರಿಯೆಯಲ್ಲ; ಒಂದೇ ಕೋಶದ ವರ್ಣತಂತು ಮುರಿದು, ಅದರ ಸಂತತಿ ಹೆಚ್ಚಿ ಆದ ನಿಜವಾದ ಗಡ್ಡೆ. ಆದರೂ ಕೆಲವು ತಿಂಗಳಲ್ಲಿ ತಾನಾಗಿಯೇ ಅಡಗಿಹೋಗುವ ಗಡ್ಡೆ. ಮೇಯೋದವರು ಇದನ್ನು ತಾತ್ಕಾಲಿಕ ಗಡ್ಡೆ ಎಂಬ ಅರ್ಥದಲ್ಲಿಯೇ ಕರೆದರು. ಗಡ್ಡೆಯೆಂದರೆ ಬೆಳೆಯುತ್ತಲೇ ಹೋಗುವಂಥದ್ದು ಎಂದು ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ವ್ಯಾಖ್ಯೆಗೆ ಇದು ಒಗ್ಗುವುದಿಲ್ಲ. ಯುಎಸ್‌ಪಿ6 ಮುರಿದಿದ್ದೂ ಪದೇ ಪದೇ ಮರುಕಳಿಸಿ ಕೆಟ್ಟ ನಡತೆ ತೋರಿದ ಒಂದು ಅಪೂರ್ವ ಪ್ರಕರಣ 2016ರಲ್ಲಿ ವರದಿಯಾಗಿದೆ ಎಂಬುದನ್ನೂ ಮುಚ್ಚಿಡಬಾರದು. ಆದುದರಿಂದ ಪರೀಕ್ಷೆಯ ಫಲವನ್ನು ಸೂಕ್ಷ್ಮದರ್ಶಕದ ನೋಟದೊಡನೆ, ರೋಗಿಯ ಕಥೆಯೊಡನೆ ಸೇರಿಸಿಯೇ ಓದಬೇಕಾಗುತ್ತದೆ. ಮೈಯಲ್ಲಿ ಗಂಟು ಕಂಡವರು ನನ್ನ ಬರಹ ಓದಿ ಸುಮ್ಮನೆ ಕೂರಬೇಡಿ, ವೈದ್ಯರಿಗೆ ತೋರಿಸಿ. ಇದು ಮೇಷ್ಟ್ರ ಅಪ್ಪಣೆ.

ಪರೀಕ್ಷೆ ನೋಡಲು ಸರಳ. ವಂಶವಾಹಿಯ ಒಂದು ಪಕ್ಕಕ್ಕೆ ಕೆಂಪಾಗಿ ಹೊಳೆಯುವ ಗುರುತು, ಇನ್ನೊಂದು ಪಕ್ಕಕ್ಕೆ ಹಸುರಾಗಿ ಹೊಳೆಯುವ ಗುರುತು ಅಂಟಿಸುತ್ತಾರೆ. ವಂಶವಾಹಿ ಇಡಿಯಾಗಿದ್ದರೆ ಎರಡೂ ಒತ್ತಾಗಿದ್ದು ಹಳದಿಯಾಗಿ ಕಾಣುತ್ತವೆ. ಮುರಿದಿದ್ದರೆ ಕೆಂಪು ಒಂದು ಕಡೆ, ಹಸುರು ಒಂದು ಕಡೆ. ನನ್ನ ವಿದ್ಯಾರ್ಥಿನಿ ವರದಿಯ ಜೊತೆಗಿದ್ದ ಚಿತ್ರವನ್ನು ನನಗೂ ಕಳುಹಿಸಿದಳು. ಕಪ್ಪು ಹಿನ್ನೆಲೆಯಲ್ಲಿ ನೀಲಿ ಕೋಶಕೇಂದ್ರಗಳು, ಅವುಗಳೊಳಗೆ ಸಾಸಿವೆಯಂಥ ಚುಕ್ಕಿಗಳು. ಪ್ರತಿಯೊಂದರಲ್ಲೂ ಒಂದು ಹಳದಿ, ಅದರಿಂದ ದೂರದಲ್ಲಿ ಒಂದು ಕೆಂಪು, ಇನ್ನೂ ದೂರದಲ್ಲಿ ಒಂದು ಹಸುರು. ಯುಎಸ್‌ಪಿ6 ಮುರಿದಿತ್ತು. ವರ್ಣತಂತು ಮುರಿದಿದೆಯೆಂಬ ಸುದ್ದಿ ಕೇಳಿ ಒಂದು ಮನೆಯವರೆಲ್ಲ ಸಂತೋಷದಿಂದ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಶಸ್ತ್ರಕ್ರಿಯೆಯ ದಿನವನ್ನು ರದ್ದುಮಾಡಿದರು. ಆ ರೋಗಶಾಸ್ತ್ರಜ್ಞೆ ಮತ್ತು ಹೊಸ ಶಸ್ತ್ರವೈದ್ಯರು ಸೇರಿ, ತಿಂಗಳಿಗೊಮ್ಮೆ ಅಳತೆ ನೋಡುತ್ತ ಕಾಯೋಣವೆಂದರು. ಮೊದಲ ತಿಂಗಳು ಅಷ್ಟೇ ಇತ್ತು. ಎರಡನೆಯ ತಿಂಗಳು ನೋವು ಹೋಯಿತು. ದೀಪಾವಳಿ ಕಳೆಯುವ ಹೊತ್ತಿಗೆ ಬಟಾಣಿಯಷ್ಟಾಯಿತು, ಸಂಕ್ರಾಂತಿಗೆ ಹುಡುಕಿದರೂ ಬೆರಳಿಗೆ ಸಿಗಲಿಲ್ಲ. ಮೊದಲ ಆಸ್ಪತ್ರೆಯವರನ್ನು ದೂರಲು ನನಗೆ ಮನಸ್ಸಿಲ್ಲ. 1955ಕ್ಕೆ ಮುಂಚೆ ಎಲ್ಲರೂ ಕಂಡಂತೆಯೇ ಅವರೂ ಕಂಡರು. ವಿಭಜಿಸುತ್ತಿದ್ದ ಕೋಶಗಳು ಅಲ್ಲಿ ನಿಜವಾಗಿಯೂ ಇದ್ದವು.

ಯುಗಾದಿಯಂದು ತಾಯಿ ಮಗ ಇಬ್ಬರೂ ಮನೆಗೆ ಬಂದಿದ್ದರು. ಹುಡುಗ ತೋಳು ಮಡಿಸಿ ಮುಂಗೈ ತೋರಿಸಿದ. ಸೂಜಿ ಚುಚ್ಚಿದ ಜಾಗದಲ್ಲಿ ಎಳ್ಳಿನಷ್ಟು ಕಲೆಯಿತ್ತು, ಬೇರೇನಿಲ್ಲ. ಅವನಮ್ಮ ನನ್ನ ತೋಳಿನ ಕಡೆಗೇ ನೋಡುತ್ತಿದ್ದವಳು ಕೊನೆಗೆ ತಡೆಯಲಾರದೆ ಕೇಳಿದಳು:

"ಸಾರ್, ನಿಮ್ಮದು ಹೇಗಿದೆ?"

"ಹಾಗೇ ಇದೆ ಕಣಮ್ಮಾ" ಎಂದು ನಾನೂ ತೋಳು ಮಡಿಸಿದೆ. ಈ ಸಲ ಆಕೆಯೇ ಮೊದಲು ನಕ್ಕಳು.